ಈಡಿಸ್ ಸೊಳ್ಳೆಯ ಬೆಳವಣಿಗೆಯಲ್ಲಿ ಪ್ರೋಟೀನುಗಳ ಏರಿಳಿತ: ಮೊಟ್ಟೆಯಿಂದ ರಕ್ತ ಹೀರುವ ಹೆಣ್ಣಿನವರೆಗೆ ಅಳೆಯುವ ಸಮಗ್ರ ಮಾರ್ಗದರ್ಶಿ

ಡೆಂಗಿ, ಚಿಕೂನ್‌ಗುನ್ಯ, ಝಿಕಾ ವೈರಸ್ಸುಗಳನ್ನು ಹೊತ್ತು ತಿರುಗುವ ಈಡಿಸ್ ಈಜಿಪ್ಟಿ ಸೊಳ್ಳೆ ಮೊಟ್ಟೆಯೊಡೆದು ನೀರಿಗಿಳಿದರೆ ಏಳರಿಂದ ಹತ್ತು ದಿನದಲ್ಲಿ ರೆಕ್ಕೆ ಬಲಿತು ಹಾರಿಹೋಗುತ್ತದೆ. ನೀರಿನ ಕಸ ತಿಂದು ಬೆಳೆಯುವ ಹುಳು (ಲಾರ್ವಾ), ಏನನ್ನೂ ತಿನ್ನದ ಪ್ಯೂಪಾ (ಕೋಶಾವಸ್ಥೆ), ನಮ್ಮ ರಕ್ತ ಹುಡುಕಿ ಬರುವ ಹೆಣ್ಣು, ಈ ಮೂರಕ್ಕೂ ಜೀನುಗಳು ಒಂದೇ. ಆಯಾ ಹೊತ್ತಿಗೆ ಮೈಯಲ್ಲಿ ತಯಾರಾಗುವ ಪ್ರೋಟೀನುಗಳು ಮಾತ್ರ ಬೇರೆ. ಲಾರ್ವಾನಾಶಕವನ್ನು ಯಾವಾಗ ಹಾಕಿದರೆ ಕೆಲಸ ಮಾಡುತ್ತದೆ, ಯಾವಾಗ ಹಾಕಿದರೆ ವ್ಯರ್ಥ ಎಂಬುದೂ ಇದರ ಮೇಲೇ ನಿಂತಿದೆ.

ಈ ಬರಹ ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್, ಪಿಎಚ್‌.ಡಿ. ಆರಂಭಿಸುತ್ತಿರುವವರಿಗಾಗಿ. ಉದ್ದಕ್ಕೂ ನಾನು ಒತ್ತಿ ಹೇಳುವ ಮಾತು ಒಂದೇ: ಈ ಕೆಲಸ ಗೆಲ್ಲುವುದೂ ಸೋಲುವುದೂ ಲಾರ್ವಾ ಟ್ರೇಯಲ್ಲಿ. ವಯಸ್ಸು ಎಷ್ಟು ಗಂಟೆ ಎಂದು ಗೊತ್ತಿಲ್ಲದ ಹುಳುವನ್ನು ಎಷ್ಟೇ ದುಬಾರಿ ಯಂತ್ರಕ್ಕೆ ಹಾಕಿದರೂ ಅದರಿಂದ ಸಿಗುವ ಪಟ್ಟಿಯನ್ನು ಓದಲು ಬರುವುದಿಲ್ಲ.

ಯಾವ ಹಂತದಲ್ಲಿ ಏನು ಕಾಣಬೇಕು

ಪೈಪೆಟ್ ಹಿಡಿಯುವ ಮುಂಚೆ ಈ ಅಂದಾಜು ತಲೆಯಲ್ಲಿರಬೇಕು. ಇಲ್ಲದಿದ್ದರೆ ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಪಟ್ಟಿಗಳು ಕಾಣುತ್ತವೆ, ಆದರೆ ಸರಿ ಯಾವುದು, ಕಲಬೆರಕೆ ಯಾವುದು ಎಂದು ತಿಳಿಯುವುದಿಲ್ಲ.

ಮೊಟ್ಟೆಯಿಂದ ಶುರುಮಾಡೋಣ. ಇಟ್ಟ ಕೂಡಲೇ ಬೆಳ್ಳಗಿರುವ ಈಡಿಸ್ ಮೊಟ್ಟೆ ಒಂದೆರಡು ಗಂಟೆಯಲ್ಲಿ ಕಪ್ಪಾಗುತ್ತದೆ. ಚಿಪ್ಪಿನಲ್ಲಿ ಮೆಲನಿನ್ ಕಟ್ಟುವ ಮತ್ತು ಚಿಪ್ಪಿನ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಗಳ ಕೆಲಸ ಅದು. ಒಳಗೆ ತಾಯಿ ತುಂಬಿ ಕಳಿಸಿದ ವಿಟೆಲಿನ್ ಎಂಬ ಹಳದಿಯ ಪ್ರೋಟೀನ್ ಹೇರಳವಾಗಿದ್ದು, ಭ್ರೂಣ ಬೆಳೆದಂತೆಲ್ಲ ಕರಗುತ್ತದೆ. ಮೊಟ್ಟೆಯಿಟ್ಟ 11–13 ಗಂಟೆಗಳಲ್ಲಿ ಭ್ರೂಣದ ಸುತ್ತ ಕೈಟಿನ್ (ಕೀಟದ ಹೊರಪೊರೆಯ ಗಟ್ಟಿ ವಸ್ತು) ಇರುವ ಸೀರೋಸಾ ಪೊರೆ ಬಲಿಯುತ್ತದೆ. ಅಲ್ಲಿಂದ ಮುಂದೆ ಮೊಟ್ಟೆ ಒಣಗಿದರೂ ಸಾಯುವುದಿಲ್ಲ. ತೊಟ್ಟಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ.

ಲಾರ್ವಾಕ್ಕೆ ನಾಲ್ಕು ಹಂತ (ಕೆಳಗೆ "ಮೊದಲ ಹಂತ", "ನಾಲ್ಕನೇ ಹಂತ" ಎಂದರೆ ಇವೇ, ಅಂಕಿ ಹಾಕಿದ ಕೆಲಸದ ಹಂತಗಳಲ್ಲ). ಪ್ರತಿ ಹಂತದ ಕೊನೆಗೂ ಪೊರೆ ಕಳಚುತ್ತದೆ, ಆದ್ದರಿಂದ ಹೊರಮೈಯ ಪ್ರೋಟೀನುಗಳು ನಾಲ್ಕು ಸಲ ಹೊಸದಾಗಿ ತಯಾರಾಗುತ್ತವೆ. ಇವುಗಳ ವೈವಿಧ್ಯ ಬೆರಗು ಹುಟ್ಟಿಸುವಂಥದ್ದು: ಆಫ್ರಿಕಾದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಗ್ಯಾಂಬಿಯೆಯಲ್ಲಿ ಕೈಟಿನ್‌ಗೆ ಅಂಟುವ ಒಂದೇ ಕುಟುಂಬದ ಹೊರಪೊರೆ ಪ್ರೋಟೀನುಗಳಿಗೆ 150ಕ್ಕೂ ಹೆಚ್ಚು ಜೀನುಗಳಿವೆ. ಲಾರ್ವಾದ ಕರುಳಿನಲ್ಲಿ ಟ್ರಿಪ್ಸಿನ್, ಕೈಮೊಟ್ರಿಪ್ಸಿನ್ ಮಾದರಿಯ ಜೀರ್ಣಕಿಣ್ವಗಳು ತುಂಬಿರುತ್ತವೆ. ಕರುಳಿನ ಒಳಭಾಗ ಬಲು ಕ್ಷಾರೀಯ, ಕೆಲವೆಡೆ ಪಿಎಚ್ 10 ದಾಟುತ್ತದೆ.

ನಾಲ್ಕನೇ ಹಂತ ಈ ಅಧ್ಯಯನದ ತಿರುಳು. ಆಗ ಹೆಕ್ಸಾಮೆರಿನ್ ಎಂಬ ಸಂಗ್ರಹ ಪ್ರೋಟೀನುಗಳು ಏರುತ್ತವೆ. ಆರು ಉಪಘಟಕ ಸೇರಿ ಸುಮಾರು 500 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ತೂಗುವ ಗೊಂಚಲು. ಒಂದೊಂದು ಉಪಘಟಕ ಸುಮಾರು 80 ಕಿಲೋಡಾಲ್ಟನ್. ಕೀಟದ ಕೊಬ್ಬಿನ ಅಂಗಾಂಶ ಇವನ್ನು ತಯಾರಿಸಿ ರಕ್ತದ್ರವಕ್ಕೆ ಬಿಡುತ್ತದೆ, ಪ್ಯೂಪಾ ಆಗುವ ಹೊತ್ತಿಗೆ ಮರಳಿ ಒಳಗೆ ಸೆಳೆದುಕೊಳ್ಳುತ್ತದೆ. ಈಡಿಸ್‌ನಲ್ಲಿ ಮೆಥಿಯೊನಿನ್ ಹೆಚ್ಚಿರುವ ಒಂದು ಹೆಕ್ಸಾಮೆರಿನ್ ಮುಖ್ಯವಾಗಿ ಹೆಣ್ಣು ಲಾರ್ವಾಗಳಲ್ಲೇ ಶೇಖರವಾಗುತ್ತದೆ. ಈ ಒಂದು ಸಂಗತಿ ಮುಂದೆ ಮಾದರಿ ಆರಿಸುವಾಗ ಬಹಳ ತೊಂದರೆ ಕೊಡುತ್ತದೆ, ನೆನಪಿಡಿ.

ಪ್ಯೂಪಾ ತಿನ್ನುವುದಿಲ್ಲ. ಹೊರಗಿನಿಂದ ಕಾಳು ಬಾರದ ಕಣಜದ ಹಾಗೆ, ಒಳಗಿರುವುದನ್ನೇ ತೆಗೆದು ಬಳಸಬೇಕು. ಹಾರುವ ಸ್ನಾಯುವಿನ ಆಕ್ಟಿನ್, ಮಯೊಸಿನ್, ಕಣ್ಣಿನ ಆಪ್ಸಿನ್, ವಯಸ್ಕ ಸೊಳ್ಳೆಯ ಹೊರಪೊರೆ ಎಲ್ಲವೂ ಲಾರ್ವಾದ ಸ್ನಾಯು, ಕರುಳು ಮತ್ತು ಹೆಕ್ಸಾಮೆರಿನ್ ಕರಗಿ ಬಂದ ಅಮೈನೋ ಆಮ್ಲದಿಂದಲೇ ಆಗಬೇಕು. ಈಡಿಸ್‌ನಲ್ಲಿ ಹೆಣ್ಣಿನ ಹಾರುವ ಸ್ನಾಯುವಿಗೇ ಮೀಸಲಾದ ಆಕ್ಟಿನ್ ಜೀನ್ ಒಂದಿದೆ, ಅದು ಎಚ್ಚರಗೊಳ್ಳುವುದು ಪ್ಯೂಪಾದಲ್ಲಿ. ಹಾರಲಾರದ ಹೆಣ್ಣು ಸೊಳ್ಳೆಗಳನ್ನು ರೂಪಿಸಿದ ವಿಜ್ಞಾನಿಗಳು ಬಳಸಿಕೊಂಡದ್ದು ಇದೇ ಜೀನಿನ ಸ್ವಿಚ್ಚನ್ನು.

ಹೊರಬಂದ ಹೆಣ್ಣಿನಲ್ಲಿ ಮತ್ತೊಂದು ಸುತ್ತು. ಮೊದಲ ಕೆಲವು ದಿನ ಜೊಲ್ಲುಗ್ರಂಥಿಯಲ್ಲಿ ಪ್ರೋಟೀನ್ ತುಂಬಿಕೊಳ್ಳುತ್ತದೆ: ಪ್ಲೇಟ್‌ಲೆಟ್‌ಗಳು ಗುಂಪುಗೂಡದಂತೆ ತಡೆಯುವ ಅಪಿರೇಸ್, ನಮ್ಮ ಚರ್ಮದ ಹಿಸ್ಟಮಿನ್, ಸೆರೊಟೋನಿನ್‌ಗಳನ್ನು ಹಿಡಿದುಹಾಕುವ ಡಿ7 ಕುಟುಂಬ. ರಕ್ತ ಕುಡಿದ ಮೇಲೆ ಕರುಳಿನಲ್ಲಿ ಮೊದಲು ಮುಂಗಾಮಿ ಟ್ರಿಪ್ಸಿನ್, ಆಮೇಲೆ ತಡವಾದ ಟ್ರಿಪ್ಸಿನ್ ಬರುತ್ತವೆ. ಎರಡನೆಯದು 24 ಗಂಟೆಯ ಸುಮಾರಿಗೆ ಶಿಖರ ಮುಟ್ಟುತ್ತದೆ. ಅದೇ ವೇಳೆಗೆ ಕೊಬ್ಬಿನ ಅಂಗಾಂಶ, ಮೊಟ್ಟೆಯ ವಿಟೆಲಿನ್‌ನ ಮೂಲರೂಪವಾದ ವಿಟೆಲೊಜೆನಿನ್ ಅನ್ನು ಭರದಿಂದ ತಯಾರಿಸಿ, ಸುಮಾರು 36 ಗಂಟೆಗೆ ನಿಲ್ಲಿಸುತ್ತದೆ. ಇದರ ದೊಡ್ಡ ತುಂಡು ಸುಮಾರು 200, ಚಿಕ್ಕದು ಸುಮಾರು 66 ಕಿಲೋಡಾಲ್ಟನ್. 72 ಗಂಟೆಗೆ ಮೊಟ್ಟೆ ಬಲಿತಿರುತ್ತವೆ.

ಇಷ್ಟನ್ನೂ ನಡೆಸುವುದು ಮುಖ್ಯವಾಗಿ ಎರಡು ಹಾರ್ಮೋನುಗಳು: ಪೊರೆ ಕಳಚಲು ಹೇಳುವ ಎಕ್ಡೈಸೋನ್, "ಇನ್ನೂ ಲಾರ್ವಾ ಆಗಿಯೇ ಇರು" ಎನ್ನುವ ಜುವೆನೈಲ್ ಹಾರ್ಮೋನು. ಎರಡನೆಯದು ಇಳಿದಾಗ ಪ್ಯೂಪಾ ಆಗುತ್ತದೆ. ಹೊರಬಂದ ಹೆಣ್ಣಿನಲ್ಲಿ ಅದೇ ಮತ್ತೆ ಏರಿ ಮೈಯನ್ನು ರಕ್ತದೂಟಕ್ಕೆ ಅಣಿಮಾಡುತ್ತದೆ.

ಅನುಮತಿ ಮತ್ತು ಸುರಕ್ಷತೆ

ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ. ಸೊಳ್ಳೆಗೆ ಜೀವಂತ ಪ್ರಾಣಿಯ ರಕ್ತ ಕುಡಿಸುವುದಾದರೆ ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆಯೂ ಬೇಕು. ಕೃತಕ ಪೊರೆಯ ಮೂಲಕ ಕುಡಿಸುವುದೇ ಮೇಲು. ಹೊರಗಿನಿಂದ ಹಿಡಿದು ತಂದ ಈಡಿಸ್ ತನ್ನ ಮೊಟ್ಟೆಯ ಮೂಲಕವೂ ಡೆಂಗಿ ವೈರಸ್ ದಾಟಿಸಬಲ್ಲದು, ಹಾಗಾಗಿ ಆರಂಭಿಗರು ಸ್ಥಾಪಿತ ಕಾಲನಿಯ ಮೊಟ್ಟೆಗಳನ್ನೇ ಕೇಳಿ ತರಿಸಿಕೊಳ್ಳಲಿ. ಪುದುಚೇರಿಯ ವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದಂಥ ಐಸಿಎಂಆರ್ ಸಂಸ್ಥೆಗಳನ್ನು ಸಂಪರ್ಕಿಸಬಹುದು. ಕೋಣೆಗೆ ಎರಡು ಬಾಗಿಲು, ಕಿಟಕಿಗೆ ಬಲೆ. ಟ್ರೇಯ ನೀರನ್ನು ಕುದಿಯುವ ನೀರು ಬೆರೆಸದೆ ಚರಂಡಿಗೆ ಚೆಲ್ಲಬೇಡಿ; ಉಳಿದ ಸೊಳ್ಳೆ, ಲಾರ್ವಾಗಳನ್ನು ಮೈನಸ್ 20 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು ಎಸೆಯಿರಿ.

ಹಂತ 1: ಎಲ್ಲ ಮೊಟ್ಟೆಯನ್ನೂ ಒಂದೇ ಗಂಟೆಯಲ್ಲಿ ಒಡೆಸುವುದು

ಕೋಣೆಯ ಉಷ್ಣತೆ 27–28 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 75–80, ಬೆಳಕು ಮತ್ತು ಕತ್ತಲೆ ತಲಾ 12 ಗಂಟೆ. ಉಷ್ಣತೆ ಎರಡು ಡಿಗ್ರಿ ಏರುಪೇರಾದರೂ ನಿಮ್ಮ ಗಂಟೆಯ ಲೆಕ್ಕ ತಪ್ಪುತ್ತದೆ, ಆದ್ದರಿಂದ ಗೋಡೆಯ ಥರ್ಮಾಮೀಟರ್ ಸಾಲದು. ಟ್ರೇಯ ನೀರಿನಲ್ಲೇ ಅಳೆಯಿರಿ.

ಫಿಲ್ಟರ್ ಕಾಗದದ ಮೇಲೆ ಇಟ್ಟ ಮೊಟ್ಟೆಗಳನ್ನು ಮೂರು ದಿನ ತೇವದಲ್ಲೇ ಇಡಿ. ಭ್ರೂಣ ಪೂರ್ತಿ ಬೆಳೆಯಲು ಅಷ್ಟು ಬೇಕು. ಆಮೇಲೆ ನಿಧಾನವಾಗಿ ಒಣಗಿಸಿ ಡಬ್ಬಿಯಲ್ಲಿಡಬಹುದು. ಒಡೆಸುವ ದಿನ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿ ಆರಿಸಿ, ಅದರಲ್ಲಿ ಕಾಗದವನ್ನು ಮುಳುಗಿಸಿ. ನೀರಿನಲ್ಲಿ ಆಮ್ಲಜನಕ ಕಡಿಮೆಯಿದ್ದರೆ ಈಡಿಸ್ ಮೊಟ್ಟೆ ಒಡೆಯಲು ಅದೇ ಸೂಚನೆ. ಮಾಮೂಲಿ ನೀರಿನಲ್ಲಿ ಹಾಕಿದರೆ ಇಂದು ಕೆಲವು, ನಾಳೆ ಕೆಲವು ಒಡೆಯುತ್ತವೆ. ಆ ಗುಂಪನ್ನು ಬಳಸಬೇಡಿ. ಮುಳುಗಿಸಿ ಒಂದು ಗಂಟೆಯಾದ ಮೇಲೆ ಕಾಗದ ತೆಗೆದುಬಿಡಿ. ಅಷ್ಟರಲ್ಲಿ ಹೊರಬಂದವು ಮಾತ್ರ ನಿಮ್ಮವು. ಅದೇ ನಿಮ್ಮ ಸೊನ್ನೆ ಗಂಟೆ.

ಹಂತ 2: ಲಾರ್ವಾ ಸಾಕಣೆ ಮತ್ತು ಹಂತ ಗುರುತಿಸುವುದು

ಒಂದು ಲೀಟರ್ ನೀರಿಗೆ 200ಕ್ಕಿಂತ ಹೆಚ್ಚು ಲಾರ್ವಾ ಬೇಡ. ಇಕ್ಕಟ್ಟಾದರೆ, ಆಹಾರ ಕಡಿಮೆಯಾದರೆ ಬೆಳವಣಿಗೆ ಹಿಂದುಮುಂದಾಗುತ್ತದೆ. ನಾಲ್ಕನೇ ಹಂತದಲ್ಲಿ ಹೊಟ್ಟೆಗಿಲ್ಲದ ಹುಳು ಹೆಕ್ಸಾಮೆರಿನ್ ಸಂಗ್ರಹಿಸಲಾರದು. ನಮ್ಮ ಕಡೆ ಲ್ಯಾಬುಗಳಲ್ಲಿ ನಾಯಿ ಬಿಸ್ಕತ್ತು ಮತ್ತು ಯೀಸ್ಟ್ ಪುಡಿಯನ್ನು 3:1 ಲೆಕ್ಕದಲ್ಲಿ ಬೆರೆಸಿ ಕೊಡುವುದು ರೂಢಿ, ಮೀನಿನ ಆಹಾರದ ಪುಡಿಯೂ ಆಗುತ್ತದೆ. ಯಾವುದೇ ಇರಲಿ, ಪ್ರಯೋಗ ಮುಗಿಯುವ ತನಕ ಒಂದೇ ಬ್ಯಾಚಿನ ಆಹಾರ ಇರಲಿ. ನೀರು ಮಸುಕಾಗಿ ಮೇಲೆ ಕೆನೆ ಕಟ್ಟಿದರೆ ಆಹಾರ ಹೆಚ್ಚಾಯಿತು ಎಂದರ್ಥ.

ಹಂತವನ್ನು ಮೈಯುದ್ದದಿಂದ ಹೇಳಬೇಡಿ. ಮೈ ದಿನವಿಡೀ ಬೆಳೆಯುತ್ತಿರುತ್ತದೆ. ತಲೆಯ ಕವಚ ಗಟ್ಟಿಯಾದದ್ದು, ಪೊರೆ ಕಳಚಿದಾಗ ಮಾತ್ರ ಹಿಗ್ಗುತ್ತದೆ, ಆದ್ದರಿಂದ ತಲೆಯ ಅಗಲವೇ ನಂಬಿಕೆಗೆ ಅರ್ಹ. ಈಡಿಸ್‌ನಲ್ಲಿ ಸ್ಥೂಲವಾಗಿ ಮೊದಲ ಹಂತಕ್ಕೆ 0.3 ಮಿ.ಮೀ., ನಾಲ್ಕನೆಯದಕ್ಕೆ 1 ಮಿ.ಮೀ. ಹತ್ತಿರ, ನಡುವಿನವನ್ನು ನಿಮ್ಮ ಕಾಲನಿಯಲ್ಲಿ ಐವತ್ತು ಹುಳು ಅಳೆದು ನೀವೇ ಪಟ್ಟಿ ಮಾಡಿಕೊಳ್ಳಿ. ಪೊರೆ ಕಳಚಿದ ತಕ್ಷಣ ತಲೆ ಬಿಳಿಚಿಕೊಂಡಿರುತ್ತದೆ, ಕೆಲವು ಗಂಟೆಯಲ್ಲಿ ಕಂದಾಗುತ್ತದೆ. ಬಿಳಿತಲೆಯ ಹುಳುಗಳನ್ನು ಸ್ಪಾಯ್ಟ್‌ನಿಂದ ಎತ್ತಿ ಬೇರೆ ಟ್ರೇಗೆ ಹಾಕಿದರೆ ಆ ಹಂತದ ಸೊನ್ನೆ ಗಂಟೆ ಸಿಕ್ಕಿತು. ನಾಲ್ಕನೇ ಹಂತವನ್ನು "ನಾಲ್ಕನೇ ಹಂತ" ಎಂದಷ್ಟೇ ಬರೆದರೆ ಸಾಲದು. ಅದು ಎರಡು ದಿನಕ್ಕೂ ಮಿಕ್ಕು ನಡೆಯುತ್ತದೆ. ಮೊದಲ ಆರು ಗಂಟೆಯ ಹುಳುವಿಗೂ, ಊಟ ಬಿಟ್ಟು ಪ್ಯೂಪಾ ಆಗಲು ಕಾದಿರುವ ಹುಳುವಿಗೂ ಪ್ರೋಟೀನಿನಲ್ಲಿ ಅಜಗಜಾಂತರ. ಕನಿಷ್ಠ ಮೂರು ಹೊತ್ತುಗಳಲ್ಲಿ ತೆಗೆಯಿರಿ: 6, 24 ಮತ್ತು 48 ಗಂಟೆ.

ಈಗ ಹೆಣ್ಣಿನ ಹೆಕ್ಸಾಮೆರಿನ್ ವಿಷಯ. ಈಡಿಸ್ ಗಂಡುಗಳು ಹೆಣ್ಣುಗಳಿಗಿಂತ ಬೇಗ ಬೆಳೆಯುತ್ತವೆ. ಟ್ರೇಯಲ್ಲಿ ಮೊದಲು ನಾಲ್ಕನೇ ಹಂತಕ್ಕೆ ಬಂದ ಹತ್ತನ್ನು ಎತ್ತಿದರೆ ಅವುಗಳಲ್ಲಿ ಗಂಡೇ ಹೆಚ್ಚು. ಕೊನೆಗೆ ಉಳಿದ ಹತ್ತು ಹೆಚ್ಚಾಗಿ ಹೆಣ್ಣು. ಆಗ ವಯಸ್ಸಿನ ವ್ಯತ್ಯಾಸ ಎಂದು ನೀವು ಬರೆದದ್ದು ನಿಜಕ್ಕೂ ಲಿಂಗದ ವ್ಯತ್ಯಾಸವಾಗಿರುತ್ತದೆ. ಲಾರ್ವಾದಲ್ಲಿ ಲಿಂಗವನ್ನು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಒಂದೊಂದೇ ಹುಳುವನ್ನು ಅರೆದು, ಒಂದು ಪಾಲಿನಿಂದ ಡಿಎನ್‌ಎ ತೆಗೆದು, 2015ರಲ್ಲಿ ಪತ್ತೆಯಾದ ಗಂಡು ನಿರ್ಧಾರಕ ನಿಕ್ಸ್ ಜೀನಿಗೆ ಪಿಸಿಆರ್ ಮಾಡಿ, ಆಮೇಲೆ ಮಾದರಿಗಳನ್ನು ಗುಂಪು ಮಾಡಬಹುದು. ಅಷ್ಟು ಸೌಕರ್ಯವಿಲ್ಲದಿದ್ದರೆ ಟ್ರೇಯ ಎಲ್ಲ ಮೂಲೆಯಿಂದ, ಬೇಗ ಬೆಳೆದವು, ತಡವಾದವು ಎರಡನ್ನೂ ಅವವುಗಳ ಸ್ವಂತ ಸೊನ್ನೆ ಗಂಟೆ ಲೆಕ್ಕ ಹಾಕಿಯೇ ಸೇರಿಸಿ.

ಹಂತ 3: ಪ್ಯೂಪಾ

ಇಲ್ಲಿ ಕೆಲಸ ಸುಲಭ. ಹೊಸ ಪ್ಯೂಪಾ ಬೆಳ್ಳಗಿರುತ್ತದೆ, ಸ್ವಲ್ಪ ಹೊತ್ತಿಗೆ ಕಂದಾಗುತ್ತದೆ, ಸೊಳ್ಳೆ ಹೊರಬರುವ ಮುನ್ನ ಕಪ್ಪಾಗುತ್ತದೆ. ಒಟ್ಟು ಸುಮಾರು ಎರಡು ದಿನ. ಬಿಳಿ ಪ್ಯೂಪಾ ಹೆಕ್ಕಿ 0, 12, 24, 36 ಗಂಟೆಗೆ ತೆಗೆಯಿರಿ. ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಸಂಶಯವಿದ್ದರೆ ಸೂಕ್ಷ್ಮದರ್ಶಕದಡಿ ಬಾಲದ ತುದಿಯ ಜನನಾಂಗದ ಹಾಲೆಗಳನ್ನು ನೋಡಿ.

ಹಂತ 4: ವಯಸ್ಕ ಹೆಣ್ಣು ಮತ್ತು ರಕ್ತದೂಟ

ಹೊರಬಂದ ಎರಡು ಗಂಟೆಯೊಳಗಿನ ಸೊಳ್ಳೆಗಳನ್ನು ಬೇರ್ಪಡಿಸಿ, ಶೇ. 10ರ ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿ ಕೊಡಿ. ಮೊದಲ ಮೂರು ದಿನ ಹೆಣ್ಣಿನ ಕೊಬ್ಬಿನ ಅಂಗಾಂಶ, ಅಂಡಾಶಯಗಳು ಇನ್ನೂ ಸಿದ್ಧವಾಗುತ್ತಿರುತ್ತವೆ. ಆಗ ರಕ್ತ ಕೊಟ್ಟು ವಿಟೆಲೊಜೆನಿನ್ ಹುಡುಕಿದರೆ ಸರಿಯಾದ ಉತ್ತರ ಬರುವುದಿಲ್ಲ. ನಾಲ್ಕನೇ ಅಥವಾ ಐದನೇ ದಿನ, ಗಂಡುಗಳೊಂದಿಗೆ ಕೂಡಿದ ಹೆಣ್ಣುಗಳಿಗೆ ಹಿಂದಿನ ರಾತ್ರಿಯಿಂದ ಸಕ್ಕರೆ ತೆಗೆದು, ಹೆಪ್ಪುಗಟ್ಟದಂತೆ ಹೆಪಾರಿನ್ ಬೆರೆಸಿದ ಕುರಿ ಅಥವಾ ದನದ ರಕ್ತವನ್ನು 37 ಡಿಗ್ರಿಯಲ್ಲಿ ಪೊರೆಯ ಮೂಲಕ ಕುಡಿಸಿ. ಮೂವತ್ತು ನಿಮಿಷ ಸಾಕು. ಹೊಟ್ಟೆ ಪೂರ್ತಿ ಕೆಂಪಗೆ ಉಬ್ಬಿದವನ್ನು ಮಾತ್ರ ಉಳಿಸಿಕೊಳ್ಳಿ. ಅರೆಹೊಟ್ಟೆಯವು ಲೆಕ್ಕ ಕೆಡಿಸುತ್ತವೆ.

ರಕ್ತದೂಟದ ನಂತರ 6, 24, 36, 48, 72 ಗಂಟೆಗೆ ತೆಗೆಯಿರಿ. ಅದೇ ವಯಸ್ಸಿನ, ರಕ್ತ ಕುಡಿಯದ ಹೆಣ್ಣುಗಳನ್ನೂ ಪ್ರತಿ ಹೊತ್ತಿಗೂ ತೆಗೆಯಿರಿ. ಬಹಳ ಜನ ಒಂದೇ ಒಂದು "ಕುಡಿಯದ" ಮಾದರಿ ಇಟ್ಟು ಎಲ್ಲದರೊಂದಿಗೂ ಹೋಲಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ: ಐದನೇ ದಿನದ ಹೆಣ್ಣಿಗೂ ಎಂಟನೇ ದಿನದ ಹೆಣ್ಣಿಗೂ ರಕ್ತವಿಲ್ಲದೆಯೇ ಜೊಲ್ಲುಗ್ರಂಥಿ, ಕೊಬ್ಬಿನ ಅಂಗಾಂಶ ಬೇರೆಯಾಗಿರುತ್ತವೆ.

ಇಡೀ ಸೊಳ್ಳೆಯನ್ನು ಅರೆಯಬೇಡಿ. ಹೆಣ್ಣು ಒಂದೇ ಸಲಕ್ಕೆ ತನ್ನ ತೂಕದಷ್ಟೇ ರಕ್ತ ಕುಡಿಯಬಲ್ಲದು, ಆ ರಕ್ತದ ಹಿಮೋಗ್ಲೋಬಿನ್, ಅಲ್ಬುಮಿನ್‌ಗಳು ಸೊಳ್ಳೆಯ ಪ್ರೋಟೀನುಗಳನ್ನು ಮುಚ್ಚಿಹಾಕುತ್ತವೆ. ಜೊತೆಗೆ ದನದ ಅಲ್ಬುಮಿನ್ ತೂಕ ಸುಮಾರು 66 ಕಿಲೋಡಾಲ್ಟನ್, ವಿಟೆಲೊಜೆನಿನ್‌ನ ಚಿಕ್ಕ ತುಂಡಿನ ತೂಕವೂ ಅಷ್ಟೇ. ಜೆಲ್ ಮೇಲೆ ಇವೆರಡನ್ನು ಬೇರೆ ಮಾಡಲಾಗದು. ತಣ್ಣನೆಯ ಬಫರ್ ಹನಿಯಲ್ಲಿ ಸೊಳ್ಳೆಯನ್ನಿಟ್ಟು, ಹೊಟ್ಟೆಯ ಕೊನೆಯ ಎರಡು ಖಂಡಗಳನ್ನು ಸೂಜಿಯಿಂದ ಹಿಡಿದು ಮೆಲ್ಲಗೆ ಎಳೆದರೆ ಕರುಳು, ಅಂಡಾಶಯ ಹೊರಬರುತ್ತವೆ. ಒಳಗೆ ಕೊಬ್ಬಿನ ಅಂಗಾಂಶ ಅಂಟಿರುವ ಹೊಟ್ಟೆಯ ಗೋಡೆ, ಅಂಡಾಶಯ, ಕರುಳು ಮೂರನ್ನೂ ಬೇರೆಬೇರೆ ಕೊಳವೆಗೆ ಹಾಕಿ. ಕರುಳು ಒಡೆದು ಕೆಂಪು ಹರಡಿದರೆ ಆ ಸೊಳ್ಳೆಯನ್ನು ಬಿಟ್ಟುಬಿಡಿ. ಜೊಲ್ಲುಗ್ರಂಥಿ ಬೇಕಿದ್ದರೆ ತಲೆಯನ್ನು ಎದೆಯಿಂದ ನಿಧಾನಕ್ಕೆ ಎಳೆಯಿರಿ. ಮೂರು ಹಾಲೆಗಳ ಜೋಡಿ ಗ್ರಂಥಿ ಜೊತೆಗೇ ಬರುತ್ತದೆ. ಮೊದಮೊದಲು ಬಾರದಿದ್ದರೆ ಧೃತಿಗೆಡಬೇಡಿ, ಕೈ ಪಳಗಲು ಸಮಯ ಬೇಕು.

ಹಂತ 5: ಕೊಲ್ಲುವುದು, ಕಾಪಿಡುವುದು

ಗುಂಪುಗಳ ಸೊನ್ನೆ ಗಂಟೆಯನ್ನು ಹಿಂದುಮುಂದೆ ಮಾಡಿ, ಎಲ್ಲ ಮಾದರಿಗಳನ್ನೂ ದಿನದ ಒಂದೇ ಹೊತ್ತಿನಲ್ಲಿ ತೆಗೆಯುವಂತೆ ಮೊದಲೇ ವೇಳಾಪಟ್ಟಿ ಹಾಕಿ. ಸೊಳ್ಳೆಯ ಮೈಗೆ ಹಗಲುರಾತ್ರಿಯ ಲಯವಿದೆ. ತೆಗೆಯುವ ಮೊದಲು ಲಾರ್ವಾಗಳನ್ನು ಶುದ್ಧ ನೀರಿನಲ್ಲಿ ಒಂದು ಗಂಟೆ ಬಿಟ್ಟು ಕರುಳು ಖಾಲಿಯಾಗಲು ಬಿಡಿ, ಎರಡು ಸಲ ತೊಳೆಯಿರಿ, ನೀರನ್ನು ಕಾಗದದಿಂದ ಹೀರಿಸಿ, ದ್ರವ ಸಾರಜನಕದಲ್ಲಿ ಹಾಕಿ, ಮೈನಸ್ 80 ಡಿಗ್ರಿಯಲ್ಲಿಡಿ. ಒಂದು ಮಾದರಿಗೆ ನಾನು ಹೇಳುವ ಲೆಕ್ಕ: ಮೊಟ್ಟೆ 500, ಮೊದಲ ಹಂತ 300, ಎರಡನೆಯದು 100, ಮೂರನೆಯದು 30, ನಾಲ್ಕನೆಯದು, ಪ್ಯೂಪಾ, ವಯಸ್ಕ ತಲಾ 10. ಎಷ್ಟು ಹಾಕಿದಿರೆಂಬುದನ್ನು ಕೊಳವೆಯ ಮೇಲೆಯೇ ಬರೆಯಿರಿ, ಮುಂದಿನ ಲೆಕ್ಕಕ್ಕೆ ಅದು ಬೇಕೇಬೇಕು.

ಮೂರು ಜೈವಿಕ ಪುನರಾವರ್ತನೆ ಕನಿಷ್ಠ. ಒಂದೇ ಟ್ರೇಯಿಂದ ಮೂರು ಕೊಳವೆ ತುಂಬಿದರೆ ಅದು ಪುನರಾವರ್ತನೆಯಾಗದು. ಬೇರೆಬೇರೆ ದಿನ ಒಡೆಸಿದ, ಬೇರೆ ತಾಯಂದಿರ ಮೊಟ್ಟೆಗಳಿಂದ ಮೂರು ಗುಂಪು ಬೆಳೆಸಿ.

ಹಂತ 6: ಪ್ರೋಟೀನ್ ಹೊರತೆಗೆಯುವುದು

ಲಾರ್ವಾವನ್ನು ಅರೆದ ಕ್ಷಣವೇ ಅದರ ಕರುಳಿನ ಕಿಣ್ವಗಳು ಉಳಿದ ಪ್ರೋಟೀನುಗಳನ್ನು ಕತ್ತರಿಸಲು ತೊಡಗುತ್ತವೆ. ಅವು ಹೆಚ್ಚಾಗಿ ಸೆರೀನ್ ಪ್ರೋಟಿಯೇಸ್‌ಗಳು, ಆದ್ದರಿಂದ ಅವನ್ನು ತಡೆಯುವ ಪಿಎಂಎಸ್ಎಫ್ ಎಂಬ ರಾಸಾಯನಿಕ 1 ಮಿಲಿಮೋಲಾರ್, ಜೊತೆಗೆ ಪ್ರೋಟಿಯೇಸ್ ತಡೆಗಳ ಸಿದ್ಧ ಮಿಶ್ರಣ ಸೇರಿಸಿ. ಪಿಎಂಎಸ್ಎಫ್ ನೀರಿಗೆ ಬಿದ್ದರೆ ಒಂದು ಗಂಟೆಯ ಸುಮಾರಿಗೆ ಅರ್ಧ ನಿಷ್ಫಲವಾಗುತ್ತದೆ. ಬಫರಿಗೆ ಅರೆಯುವ ಹೊತ್ತಿಗೇ ಹಾಕಿ. ಅದು ವಿಷ, ಕೈಗವಸು ಕಡ್ಡಾಯ.

ಸಾಮಾನ್ಯ ಜೆಲ್‌ಗೆ ಟ್ರಿಸ್ 50 ಮಿಲಿಮೋಲಾರ್, ಪಿಎಚ್ 8, ಎಸ್‌ಡಿಎಸ್ ಎಂಬ ಮಾರ್ಜಕ ಶೇ. 2 ಇರುವ ಬಫರ್ ಸಾಕು. ಎರಡು ಆಯಾಮದ ಜೆಲ್‌ಗಾದರೆ ಯೂರಿಯಾ 7 ಮೋಲಾರ್, ಥಯೋಯೂರಿಯಾ 2 ಮೋಲಾರ್, ಚಾಪ್ಸ್ ಎಂಬ ಮಾರ್ಜಕ ಶೇ. 4. ಯೂರಿಯಾ ಇರುವುದನ್ನು 37 ಡಿಗ್ರಿಗಿಂತ ಬಿಸಿಮಾಡಬೇಡಿ, ಅದು ಒಡೆದು ಪ್ರೋಟೀನಿಗೆ ಅಂಟಿಕೊಂಡು ಅದರ ತೂಕ, ವಿದ್ಯುದಂಶ ಎರಡನ್ನೂ ಬದಲಿಸುತ್ತದೆ. ದ್ರವ ಸಾರಜನಕದಲ್ಲೇ ನುಣ್ಣಗೆ ಪುಡಿಮಾಡಿ ಆಮೇಲೆ ಬಫರ್ ಹಾಕಿ. ಮೊಟ್ಟೆಯ ಚಿಪ್ಪಿಗೆ ಗಾಜಿನ ಮಣಿಗಳಿರುವ ಯಂತ್ರ ಬೇಕು. 12,000 ಜಿ ವೇಗದಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಯೂರಿಯಾ ಬಫರನ್ನಾಗಲೀ ಎಸ್‌ಡಿಎಸ್ ಬಫರನ್ನಾಗಲೀ ಕೊರೆಯುವ ಚಳಿಯಲ್ಲಿ ತಿರುಗಿಸಿದರೆ ಹರಳು ಕಟ್ಟುತ್ತದೆ, 15–20 ಡಿಗ್ರಿಯಲ್ಲಿ ತಿರುಗಿಸಿ. ಮೇಲೆ ತೇಲುವ ಕೊಬ್ಬಿನ ಪದರವನ್ನು ಮುಟ್ಟದೆ ನಡುವಿನ ದ್ರವ ತೆಗೆಯಿರಿ. ಪ್ಯೂಪಾ ಮತ್ತು ವಯಸ್ಕ ಮಾದರಿ ಕಣ್ಣೆದುರೇ ಕಪ್ಪಾಗತೊಡಗಿದರೆ ಮೆಲನಿನ್ ಕಟ್ಟುವ ಫೀನಾಲ್ ಆಕ್ಸಿಡೇಸ್ ಕಿಣ್ವ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಬಫರನ್ನು ಬೇಗ ಬೆರೆಸಿ.

ಕೊಳವೆಯ ತಳದ ಗಷ್ಟನ್ನು ಎಸೆಯಬೇಡಿ. ಹೊರಪೊರೆಯ ಬೆಸೆದುಕೊಂಡ ಪ್ರೋಟೀನುಗಳು ಅಲ್ಲೇ ಉಳಿದಿರುತ್ತವೆ. ಎಸ್‌ಡಿಎಸ್ ಬಫರಿನಲ್ಲಿ 95 ಡಿಗ್ರಿಗೆ ಕಾಯಿಸಿ ಎರಡನೇ ಸಲ ತೆಗೆದರೆ ಇನ್ನಷ್ಟು ಬರುತ್ತದೆ. ಆದರೂ ಪೂರ್ತಿ ಬರುವುದಿಲ್ಲ, ಹಾಗಾಗಿ "ವಯಸ್ಕ ಹಂತದಲ್ಲಿ ಹೊರಪೊರೆ ಪ್ರೋಟೀನ್ ಕಡಿಮೆಯಾಯಿತು" ಎಂದು ಬರೆಯುವ ಮುನ್ನ ಎರಡು ಸಲ ಯೋಚಿಸಿ. ಗಟ್ಟಿಯಾದ ಪೊರೆಯಿಂದ ಅದು ಹೊರಬಂದೇ ಇರಲಿಕ್ಕಿಲ್ಲ.

ಹಂತ 7: ಅಳತೆ, ಜೆಲ್

ಒಟ್ಟು ಪ್ರೋಟೀನ್ ಅಳೆಯಲು ಎರಡು ವಿಧಾನಗಳಿವೆ. ಬ್ರಾಡ್‌ಫೋರ್ಡ್ ವಿಧಾನ ಎಸ್‌ಡಿಎಸ್ ಇದ್ದರೆ ಕೆಡುತ್ತದೆ. ಬಿಸಿಎ ವಿಧಾನ ಡಿಟಿಟಿ (ಪ್ರೋಟೀನಿನ ಗಂಧಕದ ಬಂಧ ಬಿಡಿಸುವ ರಾಸಾಯನಿಕ) ಅಥವಾ ಥಯೋಯೂರಿಯಾ ಇದ್ದರೆ ಕೆಡುತ್ತದೆ. ನಿಮ್ಮ ಬಫರ್ ನೋಡಿ ಆರಿಸಿ. ಗೊಂದಲವಿದ್ದರೆ ನಾಲ್ಕು ಪಾಲು ತಣ್ಣನೆಯ ಅಸಿಟೋನ್ ಸೇರಿಸಿ ಮೈನಸ್ 20 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು ಪ್ರೋಟೀನನ್ನು ಕೆಳಗಿಳಿಸಿ, ಸ್ವಚ್ಛ ಬಫರಿನಲ್ಲಿ ಕರಗಿಸಿ ಅಳೆಯಿರಿ.

ಪ್ರೋಟೀನಿನ ತುಣುಕುಗಳನ್ನು ತೂಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಇಲ್ಲದ ಕಾಲೇಜಿನಲ್ಲೂ ಮಾಡಬಹುದಾದ, ಕಣ್ಣಿಗೆ ಕಾಣುವ ಎರಡು ಪ್ರಯೋಗಗಳಿವೆ. ಮೊದಲನೆಯದು: ಶೇ. 10ರ ಜೆಲ್‌ನಲ್ಲಿ ಮೂರನೇ ಹಂತ, ನಾಲ್ಕನೇ ಹಂತದ 6, 24, 48 ಗಂಟೆ, ಪ್ಯೂಪಾ 0 ಮತ್ತು 36 ಗಂಟೆ, ಹೊಸ ಸೊಳ್ಳೆ, ಹೀಗೆ ಸಾಲಾಗಿ ತಲಾ 15 ಮೈಕ್ರೋಗ್ರಾಂ ಹಾಕಿ ಕೂಮಾಸಿ ಬಣ್ಣ ಕೊಡಿ. 80 ಕಿಲೋಡಾಲ್ಟನ್ ಆಸುಪಾಸಿನ ಪಟ್ಟಿಗಳು ನಾಲ್ಕನೇ ಹಂತದಲ್ಲಿ ಗಂಟೆಗಂಟೆಗೂ ದಪ್ಪವಾಗಿ, ಸೊಳ್ಳೆ ಹೊರಬಂದ ಮೇಲೆ ಕರಗುವುದನ್ನು ನೋಡಬಹುದು. ಎರಡನೆಯದು: ಕರುಳು ತೆಗೆದ ಹೊಟ್ಟೆಯ ಗೋಡೆ ಮತ್ತು ಅಂಡಾಶಯಗಳನ್ನು ಶೇ. 7.5ರ ಜೆಲ್‌ನಲ್ಲಿ ಓಡಿಸಿ. ರಕ್ತ ಕುಡಿಯದವುಗಳಲ್ಲಿ 200 ಕಿಲೋಡಾಲ್ಟನ್ ಜಾಗ ಖಾಲಿ, 24 ಗಂಟೆಗೆ ಹೊಟ್ಟೆಯ ಗೋಡೆಯಲ್ಲಿ ಪಟ್ಟಿ, 48 ಗಂಟೆಗೆ ಅದೇ ಪಟ್ಟಿ ಅಂಡಾಶಯದಲ್ಲಿ. ಒಂದು ಅಂಗದಲ್ಲಿ ಹುಟ್ಟಿ ಇನ್ನೊಂದಕ್ಕೆ ಹೋಗಿ ಸೇರುವ ಪ್ರೋಟೀನನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣುವ ಇಂಥ ಪ್ರಯೋಗ ಅಪರೂಪ. ನನಗಂತೂ ಇದು ಪ್ರತಿ ಜೀವರಸಾಯನ ಪ್ರಯೋಗಾಲಯದಲ್ಲೂ ನಡೆಯಬೇಕು ಅನ್ನಿಸುತ್ತದೆ.

ಹೋಲಿಕೆಗೆ ಆಕ್ಟಿನ್ ಅಥವಾ ಟ್ಯೂಬುಲಿನ್ ಬಳಸುವ ರೂಢಿಯನ್ನು ಇಲ್ಲಿ ಕೈಬಿಡಿ. ರೂಪಾಂತರದಲ್ಲಿ ಸ್ನಾಯುವೇ ಕರಗಿ ಮತ್ತೆ ಕಟ್ಟಿಕೊಳ್ಳುವಾಗ ಆಕ್ಟಿನ್ ಸ್ಥಿರವಾಗಿರುವುದಿಲ್ಲ. ಪ್ರತಿ ಸಾಲಿನ ಒಟ್ಟು ಬಣ್ಣವನ್ನೇ ಆಧಾರ ಮಾಡಿಕೊಳ್ಳಿ.

ಹಂತ 8: ಮಾಸ್ ಸ್ಪೆಕ್ಟ್ರೋಮೆಟ್ರಿ

ಈ ಭಾಗವನ್ನು ಸಾಮಾನ್ಯವಾಗಿ ಸೇವಾ ಕೇಂದ್ರಗಳು ಮಾಡಿಕೊಡುತ್ತವೆ: ಡಿಟಿಟಿಯಿಂದ ಬಂಧ ಬಿಡಿಸಿ, ಅಯೊಡೊಅಸಿಟಮೈಡ್‌ನಿಂದ ಮುಚ್ಚಿ, ಪ್ರೋಟೀನಿನ ಐವತ್ತನೇ ಒಂದು ಪಾಲು ಟ್ರಿಪ್ಸಿನ್ ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಕತ್ತರಿಸಿ, ಸಿ18 ಸ್ತಂಭದಲ್ಲಿ ಉಪ್ಪು ತೆಗೆದು ಯಂತ್ರಕ್ಕೆ ಕೊಡುವುದು. ಟ್ರಿಪ್ಸಿನ್ ಹಾಕುವ ಮುನ್ನ ಯೂರಿಯಾವನ್ನು 1 ಮೋಲಾರ್‌ಗೂ ಕೆಳಗೆ ತೆಳುಮಾಡಿರಬೇಕು, ಎಸ್‌ಡಿಎಸ್ ಪೂರ್ತಿ ಹೋಗಿರಬೇಕು. ಹಂತಗಳ ಮಾದರಿಗಳನ್ನು ಅನುಕ್ರಮವಾಗಿ ಓಡಿಸದೆ ಕಲಸಿ ಓಡಿಸಲು ಹೇಳಿ. ಇಲ್ಲದಿದ್ದರೆ ಯಂತ್ರದ ಏರಿಳಿತವೂ ಬೆಳವಣಿಗೆಯಂತೆ ಕಾಣುತ್ತದೆ.

ನೀವೇ ನಿಂತು ನೋಡಿಕೊಳ್ಳಬೇಕಾದದ್ದು ಹುಡುಕುವ ದತ್ತಾಂಶ. ರೋಗವಾಹಕ ಕೀಟಗಳ ಜೀನೋಮ್ ಮಾಹಿತಿಯಿರುವ ವೆಕ್ಟರ್‌ಬೇಸ್ ತಾಣದಿಂದ ಈಡಿಸ್ ಈಜಿಪ್ಟಿ ಜೀನೋಮಿನ ಐದನೇ ಆವೃತ್ತಿಯ ಪ್ರೋಟೀನ್ ಪಟ್ಟಿ ಇಳಿಸಿಕೊಳ್ಳಿ. ಅದು ಪ್ರಕಟವಾದದ್ದು 2018ರಲ್ಲಿ, 2007ರ ಮೊದಲ ಆವೃತ್ತಿಗಿಂತ ಎಷ್ಟೋ ಪಾಲು ಅಚ್ಚುಕಟ್ಟು. ಅದರ ಜೊತೆ ನೀವು ಕೊಟ್ಟ ರಕ್ತದ ಪ್ರಾಣಿಯ ಪ್ರೋಟೀನುಗಳು, ಯೀಸ್ಟ್ ಪ್ರೋಟೀನುಗಳು, ಮನುಷ್ಯರ ಕೆರಟಿನ್ ಇವನ್ನೂ ಸೇರಿಸಿ. ಇವಿಲ್ಲದಿದ್ದರೆ ಯೀಸ್ಟಿನ ಕಿಣ್ವಕ್ಕೆ ಸೊಳ್ಳೆಯ ಹೆಸರು ಅಂಟಿಕೊಳ್ಳುತ್ತದೆ. ಸುಳ್ಳು ಗುರುತಿನ ಮಿತಿ ಶೇ. 1 ಇರಲಿ, ಒಂದು ಪ್ರೋಟೀನಿಗೆ ಕನಿಷ್ಠ ಎರಡು ಪೆಪ್ಟೈಡ್ ಸಿಗಲಿ. ಲೆಕ್ಕಕ್ಕೆ ಮ್ಯಾಕ್ಸ್‌ಕ್ವಾಂಟ್, ಪರ್ಸಿಯಸ್ ತಂತ್ರಾಂಶಗಳು ಉಚಿತ.

ಹಂತ 9: ಅಂಕಿಗಳನ್ನು ಓದುವುದು

ಇಲ್ಲಿ ಒಂದು ಬಲೆಯಿದೆ. ಪ್ರತಿ ಮಾದರಿಯಿಂದಲೂ ಸಮ ಮೈಕ್ರೋಗ್ರಾಂ ಹಾಕಿದಾಗ ನಿಮಗೆ ಸಿಗುವುದು ಪಾಲು ಮಾತ್ರ. ನಾಲ್ಕನೇ ಹಂತದಲ್ಲಿ ಹೆಕ್ಸಾಮೆರಿನ್ ಉಬ್ಬಿಕೊಂಡಾಗ ಉಳಿದ ನೂರಾರು ಪ್ರೋಟೀನುಗಳ ಪಾಲು ತಾನಾಗಿ ಕುಗ್ಗುತ್ತದೆ, ಅವು ಒಂದಿಷ್ಟೂ ಕಡಿಮೆಯಾಗದಿದ್ದರೂ. ಆದ್ದರಿಂದ ಪ್ರತಿ ಪ್ರೋಟೀನಿಗೂ ಎರಡು ರೇಖೆ ಎಳೆಯಿರಿ: ಮೈಕ್ರೋಗ್ರಾಂ ಒಂದಕ್ಕೆ ಎಷ್ಟು, ಸೊಳ್ಳೆ ಒಂದಕ್ಕೆ ಎಷ್ಟು. ಎರಡನೆಯದಕ್ಕೆ ಅರೆಯುವಾಗಲೇ ಗೊತ್ತಿರುವ ಪ್ರಮಾಣದ ಹೊರಗಿನ ಪ್ರೋಟೀನ್ ಒಂದನ್ನು ಬೆರೆಸಬೇಕು. ಅದು ಆಹಾರದಲ್ಲೂ ರಕ್ತದಲ್ಲೂ ಇಲ್ಲದ್ದಾಗಿರಲಿ. ಯೀಸ್ಟ್ ತಿಂದ ಲಾರ್ವಾಕ್ಕೆ ಯೀಸ್ಟ್ ಪ್ರೋಟೀನ್ ಬೇಡ, ದನದ ರಕ್ತ ಕುಡಿದ ಹೆಣ್ಣಿಗೆ ದನದ ಅಲ್ಬುಮಿನ್ ಬೇಡ.

ಪ್ಯೂಪಾ ಈ ಲೆಕ್ಕಕ್ಕೆ ಒಳ್ಳೆಯ ಪರೀಕ್ಷೆ. ತಿನ್ನದ ಜೀವಿಯಲ್ಲಿ ಸೊಳ್ಳೆ ಒಂದಕ್ಕೆ ಒಟ್ಟು ಪ್ರೋಟೀನ್ ಏರಲು ಸಾಧ್ಯವಿಲ್ಲ. ನಿಮ್ಮ ಅಂಕಿಗಳಲ್ಲಿ 0 ಗಂಟೆಗಿಂತ 36 ಗಂಟೆಗೆ ಗಣನೀಯವಾಗಿ ಏರಿದ್ದರೆ ಹೊರತೆಗೆಯುವ ಹಂತಕ್ಕೆ ಹಿಂತಿರುಗಿ, ತಪ್ಪು ಅಲ್ಲಿದೆ.

ಆರ್‌ಎನ್‌ಎ ಅಳತೆ ಸುಲಭ, ಅದನ್ನೇ ಮಾಡಿದರಾಗದೇ ಎಂದು ಕೇಳುವವರಿಗೆ ಮುಂಗಾಮಿ ಟ್ರಿಪ್ಸಿನ್ ಉತ್ತರ ಕೊಡುತ್ತದೆ. ಅದರ ಸಂದೇಶ ಆರ್‌ಎನ್‌ಎ ಹೆಣ್ಣು ಹೊರಬಂದ ಕೆಲವು ದಿನದಲ್ಲೇ ಕರುಳಿನಲ್ಲಿ ತುಂಬಿರುತ್ತದೆ, ಆದರೆ ರಕ್ತ ಹೊಟ್ಟೆಗಿಳಿಯುವ ತನಕ ಅದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ಆರ್‌ಎನ್‌ಎ ಮಾತ್ರ ನೋಡಿದವರಿಗೆ ಅಲ್ಲಿ ಕಿಣ್ವ ಇದೆಯೆಂದೇ ಅನ್ನಿಸುತ್ತದೆ.

ಅನಾಫಿಲಿಸ್ ಮೇಲೆ ಮಾಡುವವರಿಗೆ

ಮಂಗಳೂರು, ಬೆಂಗಳೂರಿನಂಥ ನಗರಗಳ ಬಾವಿ, ಓವರ್‌ಹೆಡ್ ಟ್ಯಾಂಕುಗಳಲ್ಲಿ ಬೆಳೆದು ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸೈ ಮೇಲೂ ಇದೇ ದಾರಿ, ಕೆಲವು ಬದಲಾವಣೆಗಳೊಂದಿಗೆ. ಅದರ ಮೊಟ್ಟೆ ನೀರಿನ ಮೇಲೆ ತೇಲುತ್ತದೆ, ಒಣಗಿಸಿ ಇಡಲಾಗದು, ಎರಡು ದಿನದ ಸುಮಾರಿಗೆ ಒಡೆಯುತ್ತದೆ. ಆದ್ದರಿಂದ ಸೊನ್ನೆ ಗಂಟೆ ಹೊಂದಿಸಲು ಮೊಟ್ಟೆಯಿಡುವ ಬಟ್ಟಲನ್ನೇ ಎರಡು ಗಂಟೆ ಮಾತ್ರ ಪಂಜರದಲ್ಲಿಡಬೇಕು. ಲಾರ್ವಾ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿ ಮೇಲಿನಿಂದಲೇ ತಿನ್ನುತ್ತದೆ, ಪುಡಿ ಬಲು ನುಣ್ಣಗಿರಲಿ. ರಕ್ತವನ್ನು ಸಂಜೆಗತ್ತಲಲ್ಲಿ ಕೊಡಿ. ಈ ಸೊಳ್ಳೆಯ ಅಂಗಾಂಗಗಳ ಪ್ರೋಟೀನುಗಳನ್ನು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಗೋವಾದ ಮಲೇರಿಯಾ ಸಂಶೋಧನಾ ಘಟಕದ ವಿಜ್ಞಾನಿಗಳು ವಿವರವಾಗಿ ಗುರುತಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ಜೀನೋಮಿನ ತಪ್ಪುಗಳನ್ನು ತಿದ್ದಲೂ ಆ ಕೆಲಸ ನೆರವಾಯಿತು. ನಿಮ್ಮ ಪಟ್ಟಿಯನ್ನು ಮೊದಲು ಅದರೊಂದಿಗೆ ತಾಳೆ ನೋಡಿ.

ಹಂತ 10: ಕಂಡದ್ದನ್ನು ಪರೀಕ್ಷಿಸುವುದು

ಏರಿಳಿತ ಕಂಡ ಮಾತ್ರಕ್ಕೆ ಆ ಪ್ರೋಟೀನ್ ಬೆಳವಣಿಗೆಗೆ ಬೇಕೇಬೇಕು ಎಂದಾಗುವುದಿಲ್ಲ. ಹೆಣ್ಣಿಗೆ ಎರಡೆಳೆ ಆರ್‌ಎನ್‌ಎ ಚುಚ್ಚಿ ಒಂದು ಜೀನನ್ನು ಅಡಗಿಸಿ ನೋಡಬಹುದು. ಲಾರ್ವಾದಲ್ಲಿ ಇನ್ನೂ ಸರಳ ದಾರಿಯಿದೆ: ನಾಲ್ಕನೇ ಹಂತದ ಟ್ರೇಗೆ ಪೈರಿಪ್ರಾಕ್ಸಿಫೆನ್ ಹಾಕಿ. ಅದು ಜುವೆನೈಲ್ ಹಾರ್ಮೋನಿನಂತೆ ನಟಿಸುವ ವಸ್ತು. ಹುಳು ಪ್ಯೂಪಾ ಆದರೂ ಸೊಳ್ಳೆಯಾಗಿ ಹೊರಬರುವುದಿಲ್ಲ. ಔಷಧಿ ಹಾಕಿದ, ಹಾಕದ ಪ್ಯೂಪಾಗಳ ಪ್ರೋಟೀನುಗಳನ್ನು ಗಂಟೆ ಲೆಕ್ಕದಲ್ಲಿ ಹೋಲಿಸಿದರೆ ಯಾವುವು ಹಾರ್ಮೋನಿನ ಮಾತು ಕೇಳುತ್ತವೆ ಎಂದು ಬೇರ್ಪಡುತ್ತವೆ.

ಲಾರ್ವಾನಾಶಕವಾಗಿ ಬಳಸುವ ಬಿಟಿಐ ಬ್ಯಾಕ್ಟೀರಿಯಾ ಪುಡಿಯನ್ನೂ ಹೀಗೆಯೇ ಪರೀಕ್ಷಿಸಬಹುದು. ಅದರ ಹರಳನ್ನು ಲಾರ್ವಾ ತಿನ್ನಬೇಕು, ಕ್ಷಾರೀಯ ಕರುಳು ಅದನ್ನು ಕರಗಿಸಬೇಕು, ಲಾರ್ವಾದ್ದೇ ಕಿಣ್ವ ಅದನ್ನು ಕತ್ತರಿಸಬೇಕು, ಆಮೇಲೆ ಅದು ಕರುಳಿನ ಗೋಡೆಯ ಆಲ್ಕಲೈನ್ ಫಾಸ್ಫಟೇಸ್, ಅಮೈನೊಪೆಪ್ಟಿಡೇಸ್, ಕ್ಯಾಡ್‌ಹೆರಿನ್‌ನಂಥ ಪ್ರೋಟೀನುಗಳಿಗೆ ಅಂಟಬೇಕು. ಊಟ ಬಿಟ್ಟ ಕೊನೆಯ ಗಂಟೆಗಳ ಲಾರ್ವಾಕ್ಕೂ ಪ್ಯೂಪಾಕ್ಕೂ ಇದು ತಟ್ಟದಿರುವುದು ಅದಕ್ಕೇ. ತೊಟ್ಟಿಯಲ್ಲಿ ಪ್ಯೂಪಾ ತುಂಬಿರುವ ದಿನ ಬಿಟಿಐ ಸುರಿದು ಮೂರು ದಿನಕ್ಕೆ ಸೊಳ್ಳೆ ಕಂಡರೆ ಔಷಧಿ ಕೆಟ್ಟದ್ದು ಎಂದು ಊರವರು ದೂರುತ್ತಾರೆ. ಅಂಥ ತೊಟ್ಟಿಯನ್ನು ಖಾಲಿ ಮಾಡಿ, ಗೋಡೆಗೆ ಅಂಟಿದ ಮೊಟ್ಟೆ ಹೋಗುವಂತೆ ಉಜ್ಜಿ ತೊಳೆಯುವುದೇ ಸರಿಯಾದ ಕ್ರಮ.

ಕಾಲನಿಯ ಸೊಳ್ಳೆಯಲ್ಲಿ ವಿಧಾನ ಕೈವಶವಾದ ಮೇಲೆ ನಿಮ್ಮ ತಾಲ್ಲೂಕಿನ ಸೊಳ್ಳೆಗೆ ಬನ್ನಿ. ಲಾರ್ವಾ ಸಮೀಕ್ಷೆಗೆ ಹೋಗುವ ಆಶಾ ಕಾರ್ಯಕರ್ತೆಯರ ಜೊತೆ ಹೋಗಿ ಲಾರ್ವಾ ತಂದು, ಲ್ಯಾಬಿನಲ್ಲಿ ಒಂದು ತಲೆಮಾರು ಬೆಳೆಸಿ, ಆ ಸೊಳ್ಳೆಗಳ ಮೊಟ್ಟೆಗಳನ್ನು ಕುದಿಸಿ ಆರಿಸಿದ ನೀರಿನಲ್ಲಿ ಒಡೆಸಿ ಮತ್ತೆ ಸೊನ್ನೆ ಗಂಟೆಯಿಂದ ಶುರುಮಾಡಿ. ನೇರವಾಗಿ ಡ್ರಮ್ಮಿನಿಂದ ಎತ್ತಿದ ಹುಳುವಿನ ವಯಸ್ಸು ಯಾರಿಗೂ ಗೊತ್ತಿರುವುದಿಲ್ಲ.